ಕಣಿವೆಯ ತೋಟದ ಮನೆಗೆ ಎರಡು ಕಿಲೋಮೀಟರ್ ವೈರ್‌ಲೆಸ್ ಲಿಂಕ್: ರೇಡಿಯೊ ಯಾವುದು, ಕಂಬ ಎಲ್ಲಿ?

ಕೊಪ್ಪದ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಪ್ಪ ತಾಲ್ಲೂಕಿನ ಒಂದು ಕಣಿವೆಯಲ್ಲಿದೆ. ಕೆಳಗೆ ಅಡಿಕೆ, ಇಳಿಜಾರಿನಲ್ಲಿ ಕಾಫಿ, ಅದರ ಮೇಲೆ ಸೊಪ್ಪಿನ ಬೆಟ್ಟ. ಅಂಗಳದ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಮೊಬೈಲ್ ಸಿಗ್ನಲ್ ಸಿಗುತ್ತದೆ. ಟವರಿಗೆ ಕರೆಂಟು ಹೋದರೆ ಅದೂ ಇಲ್ಲ. ದೊಡ್ಡಪ್ಪನ ಮನೆ ಎದುರು ದಿಬ್ಬದ ಮೇಲೆ, ಡಾಂಬರು ರಸ್ತೆಯ ಪಕ್ಕದಲ್ಲಿದೆ. ಅಲ್ಲಿಗೆ ಫೈಬರ್ ಬಂದಿದೆ, ಇನ್ನೂರು ಎಂಬಿಪಿಎಸ್ ಯೋಜನೆ. ಒಂದೇ ಮನೆಗಾಗಿ ಕಣಿವೆಗೆ ಕೇಬಲ್ ಎಳೆಯಲು ಆಗುವುದಿಲ್ಲವೆಂದು ಫೈಬರ್ ಕಂಪನಿಯವರು ಹೇಳಿಬಿಟ್ಟಿದ್ದಾರೆ.

ನಕ್ಷೆಯಲ್ಲಿ ಅಳೆದರೆ ಎರಡು ಮನೆಗಳ ನಡುವೆ ನೇರ ದೂರ 2 ಕಿಲೋಮೀಟರ್. ಹೊರಾಂಗಣ ರೇಡಿಯೊ (ಇಂಟರ್ನೆಟ್ ಸಿಗ್ನಲನ್ನು ಗಾಳಿಯಲ್ಲಿ ಕಳುಹಿಸಿ ಪಡೆಯುವ ಉಪಕರಣ) ಎರಡು ತಂದು ಲಿಂಕ್ ಮಾಡಬೇಕೆಂದಿದ್ದೇನೆ. ಯಾವುದನ್ನು ಕೊಳ್ಳಲಿ? ಹೆಚ್ಚು ಪವರ್ ಇರುವುದನ್ನು ತಂದರೆ ಮರಗಳನ್ನು ದಾಟಿ ಬರುತ್ತದೆಯೇ? ನಮ್ಮ ಮಳೆಯಲ್ಲಿ ನಿಲ್ಲುತ್ತದೆಯೇ? ಸಿಡಿಲಿನ ಭಯವೂ ಇದೆ. ಮಗಳ ಓದು, ನನ್ನ ಕೆಲಸ ಎರಡೂ ಇದನ್ನೇ ನಂಬಿವೆ. ತಿಳಿದವರು ದಯವಿಟ್ಟು ಹೇಳಿ.

ಕೇಬಲ್ ಕೆಲಸಗಾರ, ತೀರ್ಥಹಳ್ಳಿ:

ರೇಡಿಯೊ ಯಾವುದೆಂಬುದನ್ನು ಕೊನೆಗೆ ನೋಡೋಣ. ಮೊದಲು ದಾರಿ ಕಾಣುತ್ತದೆಯೇ ನೋಡಿ. ಈ ರೇಡಿಯೊಗಳು ಬಳಸುವ ಐದು ಗಿಗಾಹರ್ಟ್ಸ್ ತರಂಗ ಎಲೆಯನ್ನು ಸುಲಭವಾಗಿ ದಾಟುವುದಿಲ್ಲ. ಒಂದು ದಟ್ಟ ಮರ ಅಡ್ಡ ಬಂದರೂ ಲಿಂಕ್ ಕುಂಟುತ್ತದೆ, ಒಂದು ಸಾಲು ಮರ ಬಂದರೆ ಮಲಗುತ್ತದೆ. ಪವರ್ ಹೆಚ್ಚಿಸಿ ಇದನ್ನು ಗೆದ್ದವರನ್ನು ನಾನು ಕಂಡಿಲ್ಲ. ಈ ಕೆಲಸದಲ್ಲಿ ಗೆಲ್ಲುವುದು ಜಾಗ ಮತ್ತು ಎತ್ತರ.

ಬಿಸಿಲಿರುವ ದಿನ ದೊಡ್ಡಪ್ಪನ ಮನೆಯ ತಾರಸಿಯ ಮೇಲೆ ಯಾರಾದರೂ ಮುಖ ನೋಡುವ ಕನ್ನಡಿ ಹಿಡಿದು ನಿಲ್ಲಲಿ. ಬಿಸಿಲನ್ನು ನಿಮ್ಮ ಕಡೆಗೆ ತಿರುಗಿಸಿ ಮೆಲ್ಲಗೆ ಅಲ್ಲಾಡಿಸಲಿ. ನೀವು ನಿಮ್ಮ ಕಡೆ ಬೇರೆ ಬೇರೆ ಜಾಗಗಳಲ್ಲಿ ನಿಂತು ನೋಡಿ. ಮಿಂಚು ಕಂಡ ಜಾಗದಲ್ಲಿ ಗೂಟ ಹೊಡೆಯಿರಿ. ಗೂಗಲ್ ಅರ್ತ್‌ನಲ್ಲಿ ನೆಲದ ಏರಿಳಿತ ಸಿಗುತ್ತದೆ ನಿಜ, ಆದರೆ ಮರದ ಎತ್ತರ ಅದರಲ್ಲಿ ಸೇರಿರುವುದಿಲ್ಲ. ನಮ್ಮ ಕಡೆ ನೆಲಕ್ಕಿಂತ ಮರವೇ ತೊಂದರೆ.

ಹವ್ಯಾಸಿ ರೇಡಿಯೊ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕಣ್ಣಿಗೆ ಕಂಡರೆ ಸಾಲದು. ಎರಡು ಆಂಟೆನಾಗಳ ನಡುವೆ ತರಂಗ ಹರಿಯುವುದು ದಾರದಂತೆ ಅಲ್ಲ, ನಡುವೆ ಉಬ್ಬಿದ ಸೌತೆಕಾಯಿಯ ಆಕಾರದಲ್ಲಿ. ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. 5.8 ಗಿಗಾಹರ್ಟ್ಸ್‌ನಲ್ಲಿ 2 ಕಿಲೋಮೀಟರ್ ದಾರಿಗೆ ನಟ್ಟನಡುವೆ ಇದರ ತ್ರಿಜ್ಯ ಸುಮಾರು 5 ಮೀಟರ್. ಅದರ ಶೇಕಡಾ 60 ಭಾಗವಾದರೂ, ಅಂದರೆ ನೋಟದ ಗೆರೆಯ ಸುತ್ತ ಸುಮಾರು 3 ಮೀಟರ್, ಖಾಲಿ ಇರಬೇಕು.

ಇನ್ನು ಲೆಕ್ಕ. ಬಯಲಿನಲ್ಲಿ 2 ಕಿಲೋಮೀಟರಿಗೆ 5800 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್‌ಗೆ ಆಗುವ ನಷ್ಟ ಸುಮಾರು 114 ಡೆಸಿಬೆಲ್. ನಮ್ಮ ದೇಶದಲ್ಲಿ 5725ರಿಂದ 5875 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಲೈಸೆನ್ಸ್ ಇಲ್ಲದೆ ಹೊರಾಂಗಣದಲ್ಲಿ 36 ಡಿಬಿಎಂವರೆಗೆ (ಡಿಬಿಎಂ ಎಂದರೆ ಸಿಗ್ನಲ್ ಬಲದ ಅಳತೆ) ಹೊರಸೂಸಬಹುದು. 2018ರ ಅಕ್ಟೋಬರ್‌ನ ಅಧಿಸೂಚನೆ ಇದಕ್ಕೆ ಆಧಾರ. ಈ 36ರಲ್ಲಿ ಆಂಟೆನಾದ ಗಳಿಕೆಯೂ (ಒಂದೇ ದಿಕ್ಕಿಗೆ ಕೇಂದ್ರೀಕರಿಸಿ ಅದು ಸಿಗ್ನಲ್ ಹೆಚ್ಚಿಸುವ ಪ್ರಮಾಣ, ಅಳತೆ ಡಿಬಿಐ) ಸೇರಿದೆ ಎಂಬುದನ್ನು ಮರೆಯಬಾರದು. 23 ಡಿಬಿಐ ಡಿಶ್ ಹಾಕಿದರೆ ರೇಡಿಯೊದ ಪವರ್ 13 ಡಿಬಿಎಂ ಸಾಕು, ಅದಕ್ಕಿಂತ ಹೆಚ್ಚು ಇಡುವಂತಿಲ್ಲ. ಆಗ ಎದುರಿನ 23 ಡಿಬಿಐ ಡಿಶ್‌ಗೆ ಸಿಗುವುದು 36 ಕಳೆ 114 ಕೂಡು 23, ಅಂದರೆ ಸುಮಾರು ಮೈನಸ್ 55 ಡಿಬಿಎಂ. ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ ಹೆಚ್ಚು, ಇದು ಬಹಳ ಒಳ್ಳೆಯ ಸಿಗ್ನಲ್. ಕಾನೂನಿನ ಮಿತಿಯೊಳಗೇ ನಿಮ್ಮ ಕೆಲಸ ಧಾರಾಳವಾಗಿ ಆಗುತ್ತದೆ. ಹೆಚ್ಚು ಪವರ್ ಹುಡುಕುವ ಅಗತ್ಯವೇ ಇಲ್ಲ.

ಮಳೆಯ ಬಗ್ಗೆ: ಈ ಕಂಪನಾಂಕದಲ್ಲಿ ಜಡಿಮಳೆಗೂ ನಿಮ್ಮ ದೂರಕ್ಕೆ ಕಳೆದುಕೊಳ್ಳುವುದು ಒಂದೆರಡು ಡೆಸಿಬೆಲ್. ಮಂಜು ಲೆಕ್ಕಕ್ಕೇ ಇಲ್ಲ. 60 ಗಿಗಾಹರ್ಟ್ಸ್ ರೇಡಿಯೊಗಳನ್ನು ಯಾರಾದರೂ ಹೇಳಿದರೆ ಮಲೆನಾಡಿಗೆ ಬೇಡ ಎನ್ನಿ. ಅವು ಮಳೆಯಲ್ಲಿ ಬೀಳುತ್ತವೆ.

ಮೂಡಿಗೆರೆ ಕಾಫಿ:

ಮಳೆಗೆ ಏನೂ ಆಗುವುದಿಲ್ಲ ಎಂಬುದು ಬಯಲಿನ ಮಾತು. ಒದ್ದೆಯಾದ ಎಲೆಗೆ ಆಗುತ್ತದೆ. ನಮ್ಮ ಲಿಂಕ್‌ನ ದಾರಿಯಲ್ಲಿ ಒಂದು ಹಲಸಿನ ಮರದ ಕೊಂಬೆ ಅಂಚಿಗೆ ತಾಗುವಂತಿತ್ತು. ಬೇಸಿಗೆಯಲ್ಲಿ ಏನೂ ಗೊತ್ತಾಗಲಿಲ್ಲ. ಆಷಾಢದ ಮಳೆ ಹಿಡಿದ ಮೇಲೆ ಸಿಗ್ನಲ್ ಕುಸಿಯುತ್ತಿತ್ತು, ಬಿಸಿಲು ಬಂದು ಎಲೆ ಆರಿದ ಮೇಲೆ ಸರಿಯಾಗುತ್ತಿತ್ತು. ಗಾಳಿ ಬೀಸಿದಾಗಲಂತೂ ಅಂಕಿ ಕ್ಷಣಕ್ಕೊಂದು. ಆ ಕೊಂಬೆ ತೆಗೆದ ಮೇಲೆ ಈವರೆಗೆ ತಕರಾರಿಲ್ಲ.

ಆದ್ದರಿಂದ ನನ್ನ ಸಲಹೆ: ನೋಟದ ಗೆರೆಯನ್ನು ಬೇಸಿಗೆಯಲ್ಲಿ ನೋಡಿ ತೃಪ್ತಿಪಡಬೇಡಿ. ಮುಂದಿನ ಮೂರು ನಾಲ್ಕು ವರ್ಷ ಮರ ಎಷ್ಟು ಬೆಳೆಯುತ್ತದೆ ಎಂದೂ ಯೋಚಿಸಿ. ಸಿಲ್ವರ್ ಓಕ್ ಇದ್ದರಂತೂ ಅದು ಕಾಯುವುದಿಲ್ಲ.

ಕೊಪ್ಪದ ಬೆಳೆಗಾರ:

ಕನ್ನಡಿಯ ಉಪಾಯ ಮಾಡಿದೆವು. ಮನೆಯ ಮಾಡಿನಿಂದ ಏನೂ ಕಾಣುವುದಿಲ್ಲ, ಎದುರಿಗೆ ಅಡಿಕೆ ತಲೆಗಳೇ. ಕಾಫಿ ತೋಟದ ಮೇಲಂಚಿನಲ್ಲಿ ಒಂದು ಬಂಡೆ ಇದೆ, ಅಲ್ಲಿ ನಿಂತರೆ ದೊಡ್ಡಪ್ಪನ ತಾರಸಿ ಸ್ಪಷ್ಟವಾಗಿ ಕಾಣುತ್ತದೆ. ಕನ್ನಡಿಯ ಬೆಳಕು ಕಣ್ಣು ಕೋರೈಸಿತು. ಎರಡು ತೊಂದರೆಗಳಿವೆ. ಬಂಡೆಯಿಂದ ಮನೆಗೆ ಕಾಲುದಾರಿಯಲ್ಲಿ 180 ಮೀಟರ್. ಮತ್ತೆ, ಬಂಡೆಯಿಂದ ಸುಮಾರು 400 ಮೀಟರ್ ದೂರದಲ್ಲಿ ನಮ್ಮದೇ ಸಿಲ್ವರ್ ಓಕ್ ಸಾಲು, ಮೆಣಸಿನ ಬಳ್ಳಿ ಹಬ್ಬಿದೆ. ನೋಟದ ಗೆರೆ ಅವುಗಳ ತುದಿಯನ್ನು ಸವರಿಕೊಂಡು ಹೋಗುತ್ತದೆ.

ಹವ್ಯಾಸಿ ರೇಡಿಯೊ:

ಆ ಸಾಲಿನ ಜಾಗಕ್ಕೆ ಲೆಕ್ಕ ಹಾಕಿದೆ. ಒಂದು ತುದಿಯಿಂದ 400 ಮೀಟರ್, ಇನ್ನೊಂದರಿಂದ 1600. ಅಲ್ಲಿ ತ್ರಿಜ್ಯ ಸುಮಾರು 4 ಮೀಟರ್, ಅದರ ಶೇಕಡಾ 60 ಎಂದರೆ ಎರಡೂವರೆ ಮೀಟರ್. ಮರದ ತುದಿ ಗೆರೆಗಿಂತ ಅಷ್ಟು ಕೆಳಗಿರಬೇಕು. ಮಳೆಗಾಲದ ಬೆಳವಣಿಗೆಗೆ ಇನ್ನೂ ಒಂದೂವರೆ ಮೀಟರ್ ಬಿಡಿ.

ಬಂಡೆಯ ಹತ್ತಿರ ಕಂಬ ಎತ್ತರಿಸಿದರೆ ಅದರ ಲಾಭ ಪೂರ್ತಿ ಮರದ ಬಳಿ ಸಿಗುತ್ತದೆ ಎಂದುಕೊಳ್ಳಬೇಡಿ. ಕಂಬವನ್ನು 5 ಮೀಟರ್ ಎತ್ತರಿಸಿದರೆ ಆ ಜಾಗದಲ್ಲಿ ಗೆರೆ ಮೇಲೇರುವುದು 4 ಮೀಟರ್. ದೊಡ್ಡಪ್ಪನ ಕಡೆ 5 ಮೀಟರ್ ಎತ್ತರಿಸಿದರೆ ಇಲ್ಲಿ ಸಿಗುವುದು 1 ಮೀಟರ್ ಮಾತ್ರ. ಹಾಗಾಗಿ ಕಂಬದ ಖರ್ಚನ್ನು ನಿಮ್ಮ ಕಡೆಗೇ ಹಾಕಿ.

ಮೂಡಿಗೆರೆ ಕಾಫಿ:

ಬಳ್ಳಿ ಇರುವ ಮರ ಕಡಿಯಬೇಡಿ. ಮರಗಸಿ (ನೆರಳು ಮರಗಳ ಕೊಂಬೆ ಸವರುವ ಕೆಲಸ) ಮಾಡುವ ಆಳುಗಳು ಬಂದಾಗ ಆ ನಾಲ್ಕೈದು ಮರಗಳ ತುದಿಯನ್ನು ಮಾತ್ರ ತೆಗೆಸಿ. ಮೆಣಸಿಗೂ ಬೆಳಕು ಸಿಗುತ್ತದೆ. ಪ್ರತಿ ವರ್ಷ ಮರಗಸಿಯ ಪಟ್ಟಿಯಲ್ಲಿ ಈ ಸಾಲನ್ನು ಸೇರಿಸಿಬಿಡಿ.

ಮತ್ತೆ ಯಾರು ಹೇಳಿದರೂ ರೇಡಿಯೊವನ್ನು ಮರಕ್ಕೆ ಕಟ್ಟಬೇಡಿ. ಅಡಿಕೆ ಮರವಂತೂ ತುಸು ಗಾಳಿಗೂ ತೂಗುತ್ತದೆ. 23 ಡಿಬಿಐ ಡಿಶ್‌ನ ಕಿರಣದ ಅಗಲ ಹತ್ತು ಡಿಗ್ರಿಯ ಆಸುಪಾಸು. ಮರ ತೂಗಿದಷ್ಟೂ ಸಿಗ್ನಲ್ ತೂಗುತ್ತದೆ.

ಕೇಬಲ್ ಕೆಲಸಗಾರ, ತೀರ್ಥಹಳ್ಳಿ:

ಕಂಬಕ್ಕೆ ಜಿಐ ಪೈಪ್, ಒಂದೂವರೆ ಇಂಚಿಗೆ ಕಡಿಮೆ ಬೇಡ, ತೆಳು ಪೈಪ್ ಬೇಡ. ಆರು ಮೀಟರ್ ಎತ್ತರಕ್ಕೆ ಮೂರು ಕಡೆ ಬಿಗಿತಂತಿ ಕಟ್ಟಿ, ಟರ್ನ್‌ಬಕಲ್ ಹಾಕಿ ಬಿಗಿಗೊಳಿಸಿ. ಬಂಡೆ ಇದೆ ಎಂದಿರಿ. ಬಂಡೆಗೆ ಕೊರೆದು ಆಂಕರ್ ಬೋಲ್ಟ್ ಹಾಕಿದರೆ ಕಾಂಕ್ರೀಟ್ ಗುಂಡಿಗಿಂತ ಗಟ್ಟಿ. ಪೈಪಿನ ಮೇಲ್ತುದಿಗೆ ಕ್ಯಾಪ್ ಹಾಕಿ, ಇಲ್ಲದಿದ್ದರೆ ನೀರು ತುಂಬಿ ಬುಡದಿಂದ ತುಕ್ಕು ಹಿಡಿಯುತ್ತದೆ.

ಹತ್ತಿರದಲ್ಲಿ ವಿದ್ಯುತ್ ತಂತಿ ಹಾದುಹೋಗಿದೆಯೇ? ಕಂಬ ಎತ್ತುವಾಗ ಜಾರಿ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು. ಅಡಿಕೆ ಕೊಯ್ಯುವ ಲೋಹದ ದೋಟಿ ತಂತಿಗೆ ತಾಗಿ ಕೊನೆಗಾರರು ಜೀವ ಕಳೆದುಕೊಂಡದ್ದನ್ನು ನಮ್ಮ ಕಡೆ ಎಲ್ಲರೂ ಕೇಳಿದ್ದೇವೆ. ಆರು ಮೀಟರ್ ಕಬ್ಬಿಣದ ಪೈಪೂ ಅದೇ ಜಾತಿ. ತಂತಿ ಹತ್ತಿರವಿದ್ದರೆ ಜಾಗ ಬದಲಿಸಿ, ಇದರಲ್ಲಿ ರಾಜಿ ಬೇಡ.

180 ಮೀಟರ್ ದೂರಕ್ಕೆ ಎತರ್ನೆಟ್ ಕೇಬಲ್ ಆಗುವುದಿಲ್ಲ, ಅದರ ಮಿತಿ 100 ಮೀಟರ್. ಮನೆ ಮನೆಗೆ ಎಳೆಯುವ ಫೈಬರ್ ಡ್ರಾಪ್ ಕೇಬಲ್ ತನ್ನಿ, ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನೂ ಎತರ್ನೆಟ್ ಸಿಗ್ನಲನ್ನೂ ಪರಸ್ಪರ ಬದಲಿಸುವ ಪೆಟ್ಟಿಗೆ) ಹಾಕಿ. ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಕೆಲಸ ಮಾಡುವ ಜೋಡಿ ಸಿಗುತ್ತದೆ, ಒಂದು ಎ, ಇನ್ನೊಂದು ಬಿ. ಎರಡೂ ಎ ತಂದರೆ ದೀಪ ಹತ್ತುವುದಿಲ್ಲ. ಪೆಟ್ಟಿಗೆ ಬಿಚ್ಚುವ ಮೊದಲೇ ನೋಡಿಕೊಳ್ಳಿ. ಉಕ್ಕಿನ ತಂತಿ ಇಲ್ಲದ ಡ್ರಾಪ್ ಕೇಬಲನ್ನೇ ಕೇಳಿ, ಆಗ ಸಿಡಿಲಿನ ಹೊಡೆತ ಅದರ ಮೂಲಕ ಮನೆಗೆ ಬರುವುದಿಲ್ಲ.

ಸಾಗರದ ಸೌರ:

ಬಂಡೆಯ ಬಳಿ ಕರೆಂಟಿಗೆ ಏನು ಮಾಡುತ್ತೀರಿ? ಸೋಲಾರ್ ಹಾಕಿ ಎನ್ನುತ್ತೇನೆ. ರೇಡಿಯೊ 7 ವ್ಯಾಟ್, ಮೀಡಿಯಾ ಕನ್ವರ್ಟರ್ ಮೂರು ನಾಲ್ಕು ವ್ಯಾಟ್, ಒಟ್ಟು 11 ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 264 ವ್ಯಾಟ್‌ ಅವರ್. ನೂರು ಆಂಪಿಯರ್ ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಅರ್ಧ ಬಳಸಿದರೂ ಎರಡು ದಿನಕ್ಕಿಂತ ಹೆಚ್ಚು ಬರುತ್ತದೆ. ಮನೆಯಿಂದ ಲೋಹದ ತಂತಿ ಎಳೆಯದಿರುವುದೇ ದೊಡ್ಡ ಲಾಭ. ಬಂಡೆಯ ಮೇಲೆ ಸಿಡಿಲು ಬಡಿದರೂ ಮನೆಗೆ ಬರುವುದು ಗಾಜಿನ ಎಳೆ ಮಾತ್ರ.

ಮೂಡಿಗೆರೆ ಕಾಫಿ:

ಸಾಗರದವರೇ, ನಿಮ್ಮ ಲೆಕ್ಕ ಸರಿ. ಆದರೆ ಜುಲೈ ತಿಂಗಳಲ್ಲಿ ಕೊಪ್ಪದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಎರಡು ದಿನ ಕಳೆದ ಮೇಲೆ ಏನು? ಇಂಟರ್ನೆಟ್ ಹೆಚ್ಚು ಬೇಕಾಗುವುದೇ ಆಗ. ರಸ್ತೆ ಕುಸಿದು ಪೇಟೆಗೆ ಹೋಗಲಾಗದ ದಿನಗಳವು. ಜೊತೆಗೆ ಕಾಫಿ ತೋಟದ ಅಂಚಿನಲ್ಲಿ ನೆರಳು ಬೀಳದ ಜಾಗ ಎಲ್ಲಿದೆ? ಮಂಗಗಳು ಪ್ಯಾನೆಲ್ ಮೇಲೆ ಕೂರುವುದನ್ನು ನಾನು ದಿನವೂ ನೋಡುತ್ತೇನೆ.

ಕೇಬಲ್ ಕೆಲಸಗಾರ, ತೀರ್ಥಹಳ್ಳಿ:

ನಾನೂ ತಂತಿಯ ಕಡೆ. ಮನೆಯ ಇನ್ವರ್ಟರ್‌ನಿಂದ 24 ವೋಲ್ಟ್ ಡಿಸಿ ಅಡಾಪ್ಟರ್ ಹಾಕಿ ಎರಡು ಎಳೆಯ ತಾಮ್ರದ ಕೇಬಲ್‌ನಲ್ಲಿ ಕಳುಹಿಸಿ. 180 ಮೀಟರ್ ಹೋಗಿ ಬರುವುದು 360 ಮೀಟರ್. ಒಂದೂವರೆ ಚದರ ಮಿಲಿಮೀಟರ್ ತಂತಿಯಲ್ಲಿ ಅರ್ಧ ಆಂಪಿಯರ್‌ಗೆ ಎರಡು ವೋಲ್ಟ್‌ಗಿಂತ ಹೆಚ್ಚು ಕಳೆದುಹೋಗುತ್ತದೆ. ಎರಡೂವರೆ ಹಾಕಿದರೆ ಒಂದೂಕಾಲು ವೋಲ್ಟ್ ಆಸುಪಾಸು. ಎರಡೂವರೆಯನ್ನೇ ಹಾಕಿ. ಮೀಡಿಯಾ ಕನ್ವರ್ಟರ್‌ಗೆ 5 ವೋಲ್ಟ್ ಬೇಕಾದರೆ ಅಲ್ಲೇ ವೋಲ್ಟ್ ಇಳಿಸುವ ಸಣ್ಣ ಬಕ್ ಕನ್ವರ್ಟರ್ ಸಾಕು. ಫೈಬರ್ ಮತ್ತು ತಂತಿ ಎರಡನ್ನೂ ಕಪ್ಪು ಎಚ್‌ಡಿಪಿಇ ಪೈಪಿನಲ್ಲಿ ಹಾಕಿ ನೆಲದಲ್ಲಿ ಹೂಳಿ. ಕಾಫಿಗೆ ಗೊಬ್ಬರದ ಗುಂಡಿ ತೆಗೆಯುವವರಿಗೆ ದಾರಿ ತಿಳಿಸಿಡಿ, ಗುದ್ದಲಿ ಬಿದ್ದರೆ ಎಲ್ಲವೂ ಹೋಗುತ್ತದೆ.

ಸಾಗರದ ಸೌರ:

ತಂತಿ ಎಳೆಯುವುದೇ ಆದರೆ ಎರಡೂ ತುದಿಯಲ್ಲಿ ಸರ್ಜ್ (ದಿಢೀರ್ ವೋಲ್ಟೇಜ್ ಹೊಡೆತ) ತಡೆ ಇರಲೇಬೇಕು ಎಂಬ ನನ್ನ ಮಾತು ಹಿಂತೆಗೆಯುವುದಿಲ್ಲ. ಉದ್ದದ ತಂತಿಗೆ ನೇರವಾಗಿ ಸಿಡಿಲು ಬಡಿಯಬೇಕಾಗಿಲ್ಲ. ಹತ್ತಿರದ ಮರಕ್ಕೆ ಬಡಿದರೂ ಅದರಲ್ಲಿ ಹೊಡೆತ ಹುಟ್ಟುತ್ತದೆ.

ಶಿರಸಿ ಸೀಮೆಯವಳು:

ನಾನು ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುತ್ತೇನೆ, ಊರಿನ ಮನೆಗೂ ಇಂಥದೇ ಲಿಂಕ್ ಇದೆ. ಸಿಡಿಲಿನ ವಿಷಯ ಮೊದಲು, ಏಕೆಂದರೆ ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲೇ ಹೆಚ್ಚಿನ ರೇಡಿಯೊಗಳು ಸಾಯುತ್ತವೆ.

ಕಂಬಕ್ಕೆ ಅದರದೇ ಅರ್ತಿಂಗ್ ಕೊಡಿ. ಬಂಡೆಯ ಮೇಲೆ ಅರ್ತ್ ಸಿಗುವುದಿಲ್ಲ, ಪಕ್ಕದ ಮಣ್ಣಿನಲ್ಲಿ ಗುಂಡಿ ತೆಗೆದು ಅಲ್ಲಿಂದ ತಾಮ್ರದ ಪಟ್ಟಿ ತನ್ನಿ. ರೇಡಿಯೊದ ಕೆಳಗೆ ಎತರ್ನೆಟ್ ಸರ್ಜ್ ಪ್ರೊಟೆಕ್ಟರ್ ಹಾಕಿ ಅದರ ಅರ್ತ್ ತಂತಿಯನ್ನು ಕಂಬಕ್ಕೆ ಸೇರಿಸಿ. ಅರ್ತ್ ಸೇರಿಸದ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ. ದೊಡ್ಡಪ್ಪನವರ ತಾರಸಿಯಲ್ಲೂ ಇದೇ ವ್ಯವಸ್ಥೆ ಬೇಕು, ಅಲ್ಲಿ ಕೇಬಲ್ ನೇರ ಮನೆಯೊಳಗೆ ಹೋಗುವುದರಿಂದ ಅಲ್ಲಿ ಇನ್ನೂ ಮುಖ್ಯ. ಇಷ್ಟೆಲ್ಲ ಮಾಡಿದರೂ ಗುಡುಗು ಹತ್ತಿರ ಬರುವ ಮೊದಲೇ ಅಡಾಪ್ಟರನ್ನೂ ಎತರ್ನೆಟ್ ಕೇಬಲನ್ನೂ ಎರಡನ್ನೂ ಕಿತ್ತಿಡಿ. ಕರೆಂಟಿನ ಪ್ಲಗ್ ಮಾತ್ರ ತೆಗೆದು ಎತರ್ನೆಟ್ ಬಿಟ್ಟವರ ರೌಟರ್ ಸುಟ್ಟದ್ದನ್ನು ಊರಿನಲ್ಲಿ ನೋಡಿದ್ದೇನೆ.

ಕೇಬಲ್ ಹೊರಾಂಗಣದ್ದೇ ಇರಲಿ, ಕಪ್ಪು ಹೊದಿಕೆಯದ್ದು. ಕೊಳ್ಳುವಾಗ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ, ಬಿಳಿ ಹೊಳಪು ಕಂಡರೆ ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಅಂಗಡಿಗಳಲ್ಲಿ ಎರಡನೆಯದೇ ಹೆಚ್ಚು ಸಿಗುತ್ತದೆ, ಬೆಲೆ ಕಡಿಮೆ. ಅದಕ್ಕೆ ಪ್ರತಿರೋಧ ಹೆಚ್ಚು, ಕನೆಕ್ಟರ್‌ನಲ್ಲಿ ಬೇಗ ಸಡಿಲವಾಗುತ್ತದೆ, ನಮ್ಮ ತೇವದಲ್ಲಿ ಸವೆದುಹೋಗುತ್ತದೆ. ರೇಡಿಯೊಗೆ ಹೋಗುವ ಮೊದಲು ಕೇಬಲನ್ನು ಕೆಳಕ್ಕೆ ಒಂದು ಕುಣಿಕೆ ಇಳಿಬಿಟ್ಟು ಮೇಲಕ್ಕೆ ತನ್ನಿ, ನೀರು ಆ ಕೆಳತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ. ರೇಡಿಯೊದ ಕೇಬಲ್ ಬಾಗಿಲು ಸರಿಯಾಗಿ ಮುಚ್ಚಿ. ತೆರೆದಿದ್ದರೆ ಇರುವೆ ಗೂಡು ಕಟ್ಟುತ್ತದೆ, ಸಣ್ಣ ಕಣಜವೂ ಮಣ್ಣು ತುಂಬುತ್ತದೆ.

ರೇಡಿಯೊ ಬಗ್ಗೆ: ಟಿಪಿ-ಲಿಂಕ್ ಸಿಪಿಇ510 ಅಗ್ಗ, 13 ಡಿಬಿಐ, ಈ ದೂರಕ್ಕೆ ಲಿಂಕ್ ಆಗುತ್ತದೆ. ಆದರೆ ಅದರ ಎತರ್ನೆಟ್ 100 ಎಂಬಿಪಿಎಸ್ ಮಾತ್ರ, ನಿಮ್ಮದು ಇನ್ನೂರರ ಯೋಜನೆ. ಯುಬಿಕ್ವಿಟಿ ಲೈಟ್‌ಬೀಮ್ 5ಎಸಿ ಜೆನ್2ನಲ್ಲಿ 23 ಡಿಬಿಐ ಡಿಶ್, ಗಿಗಾಬಿಟ್ ಪೋರ್ಟ್ ಇದೆ. ಮೈಕ್ರೋಟಿಕ್‌ನಲ್ಲೂ ಸಮನಾದವು ಇವೆ, ಕಲಿಯಲು ಸ್ವಲ್ಪ ಸಮಯ ಬೇಕು. ಯಾವುದನ್ನು ತಂದರೂ ಎರಡೂ ತುದಿಗೆ ಒಂದೇ ಕಂಪನಿಯದ್ದು, ಒಂದೇ ಮಾದರಿ, ಇಲ್ಲಿ ಮಾರಲು ಇಟಿಎ ಎಂಬ ಸರ್ಕಾರಿ ಅನುಮೋದನೆ ಇರುವಂಥದ್ದು.

ಇನ್ನು ಕಾನ್ಫಿಗರೇಶನ್. ಕಂಬ ಹತ್ತುವ ಮೊದಲು ಮನೆಯ ಮೇಜಿನ ಮೇಲೆ ಎರಡನ್ನೂ ಜೋಡಿಸಿ ಮುಗಿಸಿ. ಮೇಜಿನ ಮೇಲೆ ಪವರ್ ಅತಿ ಕಡಿಮೆ ಇಡಿ, ಡಿಶ್‌ಗಳನ್ನು ಮುಖಾಮುಖಿ ಇಡಬೇಡಿ. ಲೈಟ್‌ಬೀಮ್ ತಂದರೆ ಎರಡೂ 192.168.1.20 ಎಂಬ ಒಂದೇ ವಿಳಾಸದಲ್ಲಿ ಬರುತ್ತವೆ. ಆದ್ದರಿಂದ ಒಂದೊಂದಾಗಿ ತೆರೆದು ವಿಳಾಸದ ಕೊನೆಯ ಸಂಖ್ಯೆ ದೊಡ್ಡಪ್ಪನ ಕಡೆಯದಕ್ಕೆ 20, ನಿಮ್ಮ ಕಡೆಯದಕ್ಕೆ 21 ಕೊಡಿ. ಫೈಬರ್ ಪೆಟ್ಟಿಗೆ ವಿಳಾಸ ಹಂಚುವ ಸಾಲು 100ರಿಂದ ಶುರುವಾಗುವಂತೆ ಬದಲಿಸಿ, ಇಲ್ಲದಿದ್ದರೆ ಯಾವುದೋ ಫೋನಿಗೆ 20 ಸಿಕ್ಕಿ ಜಗಳ ಹತ್ತುತ್ತದೆ.

ದೇಶ ಭಾರತ ಎಂದು ಆರಿಸಿ. ಎರಡೂ ಬ್ರಿಡ್ಜ್ ಮೋಡ್‌ನಲ್ಲಿರಲಿ, ಅಂದರೆ ಕೇಬಲ್‌ನಂತೆ ಡೇಟಾವನ್ನು ಹಾಗೆಯೇ ದಾಟಿಸಲಿ. ದೊಡ್ಡಪ್ಪನ ಕಡೆ ಆಕ್ಸೆಸ್ ಪಾಯಿಂಟ್ (ಸಂಪರ್ಕ ಕೊಡುವ ತುದಿ), ಪಾಯಿಂಟ್ ಟು ಪಾಯಿಂಟ್. ನಿಮ್ಮ ಕಡೆ ಸ್ಟೇಷನ್ (ಸಂಪರ್ಕ ಪಡೆಯುವ ತುದಿ). ಚಾನೆಲ್ ಅಗಲ 40 ಮೆಗಾಹರ್ಟ್ಸ್ ಸಾಕು, ಇನ್ನೂರು ಎಂಬಿಪಿಎಸ್ ಅದರಲ್ಲಿ ಬರುತ್ತದೆ. 80 ಇಟ್ಟರೆ ವೇಗ ಕಾಗದದ ಮೇಲೆ ಏರುತ್ತದೆ, ಅಗಲ ಎರಡರಷ್ಟಾದಂತೆ ಗದ್ದಲ 3 ಡೆಸಿಬೆಲ್ ಹೆಚ್ಚುತ್ತದೆ. ಕಂಪನಾಂಕ 5725ರ ಮೇಲೆ ಆರಿಸಿ. ಅದರ ಕೆಳಗಿನ 5250–5350 ಮತ್ತು 5470–5725 ಪಟ್ಟಿಗಳಲ್ಲಿ ರೇಡಾರ್ ಇದೆಯೇ ಎಂದು ರೇಡಿಯೊ ಮೊದಲು ಕಾದು ಕೇಳಬೇಕಾಗುತ್ತದೆ, ಸಂಶಯ ಬಂದರೆ ಚಾನೆಲ್ ಬಿಟ್ಟು ಓಡುತ್ತದೆ. ಪಾಸ್‌ವರ್ಡ್ ಎರಡನ್ನೂ ಬದಲಿಸಿ: ಲಿಂಕ್‌ನದ್ದು, ಒಳಗೆ ಹೋಗುವುದು. ರೇಡಿಯೊ ಕೆಳಗಿರುವಾಗಲೇ ಅದರ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಹೊಸದು ಮಾಡಿ.

ನಿಮ್ಮ ಮನೆಯ ವೈಫೈ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಬಳಸಿ. ಆ ಮೋಡ್ ಇಲ್ಲದಿದ್ದರೆ ಡಿಎಚ್‌ಸಿಪಿ (ತಾನೇ ವಿಳಾಸ ಹಂಚುವ ಕೆಲಸ) ನಿಲ್ಲಿಸಿ, ಅದಕ್ಕೆ ಬೇರೆ ವಿಳಾಸ ಕೊಟ್ಟು, ಕೇಬಲನ್ನು ಲ್ಯಾನ್ ಪೋರ್ಟಿಗೆ ಹಾಕಿ. ಒಂದೇ ಜಾಲದಲ್ಲಿ ಇಬ್ಬರು ವಿಳಾಸ ಹಂಚಿದರೆ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಜನ ರೇಡಿಯೊವನ್ನು ಬೈಯುತ್ತಾರೆ.

ಕೊಪ್ಪದ ಬೆಳೆಗಾರ:

ಅಕ್ಕ, ಇಷ್ಟು ವಿವರವಾಗಿ ಬರೆದದ್ದಕ್ಕೆ ಬಹಳ ಉಪಕಾರವಾಯಿತು. ಲೈಟ್‌ಬೀಮ್ ಎರಡು ತರಿಸುತ್ತೇನೆ, ಫೈಬರ್ ಮತ್ತು ತಂತಿ ಹೂಳುತ್ತೇನೆ. ಇನ್ನೊಂದು ಪ್ರಶ್ನೆ. ಪಕ್ಕದ ಎರಡು ಮನೆಯವರೂ ಸಂಪರ್ಕ ಕೊಡುತ್ತೀರಾ, ತಿಂಗಳಿಗೆ ಇಷ್ಟು ಕೊಡುತ್ತೇವೆ ಎನ್ನುತ್ತಿದ್ದಾರೆ. ಕೊಡಬಹುದೇ?

ಹವ್ಯಾಸಿ ರೇಡಿಯೊ:

ಹಣ ಪಡೆದು ಹಾಗೆಯೇ ಹಂಚಬೇಡಿ. ಈ ತರಂಗಕ್ಕೆ ಲೈಸೆನ್ಸ್ ಬೇಡ ಎಂದರೆ ಇಂಟರ್ನೆಟ್ ಮಾರಲು ಲೈಸೆನ್ಸ್ ಬೇಡ ಎಂದಲ್ಲ. ಅದಕ್ಕೆ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು, ನಿಮ್ಮ ಫೈಬರ್ ಒಪ್ಪಂದವೂ ಮನೆಬಳಕೆಗೆ ಮಾತ್ರ ಇರುತ್ತದೆ. ನ್ಯಾಯವಾದ ದಾರಿ ಪಿಎಂ-ವಾಣಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಅದು. ಅದರಡಿ ಸಣ್ಣ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು, ಆದರೆ ನೋಂದಾಯಿತ ಅಗ್ರಿಗೇಟರ್ (ಇಂಥ ವೈಫೈ ಕೇಂದ್ರಗಳನ್ನು ಒಟ್ಟುಗೂಡಿಸುವ ಸಂಸ್ಥೆ) ಮೂಲಕ, ಅದಕ್ಕೆ ಒಪ್ಪುವ ಸಂಪರ್ಕ ಪಡೆದು. ನೆರೆಹೊರೆಯವರಿಗೆ ನಿಜವಾಗಿ ಬೇಕಿದ್ದರೆ ಆ ದಾರಿ ವಿಚಾರಿಸಿ. ಮಲೆನಾಡಿನ ಒಂಟಿ ಮನೆಗಳಿಗೆ ಇದು ಇನ್ನೂ ಹೆಚ್ಚು ಬರಬೇಕು ಎಂಬುದು ನನ್ನ ಆಸೆ.

ಕೊಪ್ಪದ ಬೆಳೆಗಾರ:

ಕಂಬ ನಿಂತಿದೆ. ಮರಗಸಿಯವರು ಸಿಲ್ವರ್ ಓಕ್ ತುದಿಗಳನ್ನು ತೆಗೆದುಕೊಟ್ಟರು. ಲಿಂಕ್ ಕೂಡಿತು, ಮನೆಯಲ್ಲಿ ಎಲ್ಲರಿಗೂ ಹಬ್ಬ. ಆದರೆ ಸಿಗ್ನಲ್ ಮೈನಸ್ 72 ತೋರಿಸುತ್ತಿದೆ. ಲೆಕ್ಕದಂತೆ 55 ಇರಬೇಕಿತ್ತಲ್ಲವೇ? ಎರಡು ಚೈನ್‌ಗಳ (ರೇಡಿಯೊದೊಳಗಿನ ಎರಡು ಪ್ರತ್ಯೇಕ ಸಿಗ್ನಲ್ ದಾರಿಗಳ) ಅಂಕಿಗಳಲ್ಲಿ ವ್ಯತ್ಯಾಸ ಒಂದೇ ಡೆಸಿಬೆಲ್. ಡಿಶ್ ಅನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿದರೆ ಇನ್ನೂ ಕಡಿಮೆಯಾಗುತ್ತದೆ. ಅಂದರೆ ಇದೇ ಗರಿಷ್ಠ ಇರಬೇಕು.

ಶಿರಸಿ ಸೀಮೆಯವಳು:

ಅದು ಗರಿಷ್ಠ ಅಲ್ಲ, ಪಕ್ಕದ ಹಾಲೆಯ ಶಿಖರ. ಡಿಶ್‌ಗೆ ಮುಖ್ಯ ಕಿರಣದ ಅಕ್ಕಪಕ್ಕ ಸಣ್ಣ ಸಣ್ಣ ಕಿರಣಗಳಿರುತ್ತವೆ. ಅದರಲ್ಲೊಂದರ ಮೇಲೆ ನಿಂತು ಸ್ವಲ್ಪ ಸ್ವಲ್ಪ ಅಲ್ಲಾಡಿಸಿದರೆ ಎರಡೂ ಕಡೆ ಇಳಿಯುವುದೇ ಕಾಣುತ್ತದೆ. ಎರಡು ಚೈನ್‌ಗಳೂ ಸಮನಾಗಿ ಕೆಳಗಿವೆ, ಅಂಕಿ ಅಲ್ಲಾಡುವುದೂ ಇಲ್ಲ ಎಂದರೆ ಗುರಿಯ ದೋಷವೇ. ಎಲೆ ಅಡ್ಡವಿದ್ದರೆ ಅಂಕಿ ಕುಣಿಯುತ್ತದೆ, ಒಂದು ಚೈನ್ ಮಾತ್ರ ಕೆಳಗಿದ್ದರೆ ರೇಡಿಯೊದಲ್ಲೋ ಫೀಡ್‌ನಲ್ಲೋ ನೀರು ಸೇರಿರಬಹುದು.

ಒಂದು ತುದಿಯನ್ನು ಮುಟ್ಟದೆ ಬಿಡಿ. ಇನ್ನೊಂದನ್ನು ಅಡ್ಡಲಾಗಿ ಮೂವತ್ತು ನಲವತ್ತು ಡಿಗ್ರಿ ಪೂರ್ತಿ ತಿರುಗಿಸುತ್ತ ಬನ್ನಿ. ಪ್ರತಿ ಹೆಜ್ಜೆಗೂ ಎರಡು ಮೂರು ಸೆಕೆಂಡ್ ನಿಲ್ಲಿ, ಅಂಕಿ ನೆಲೆಗೊಳ್ಳಲಿ. ಮೂರು ಶಿಖರಗಳು ಸಿಗುತ್ತವೆ, ನಡುವಿನದು ಎತ್ತರ. ಅಲ್ಲಿ ನಿಲ್ಲಿಸಿ ಮೇಲೆ ಕೆಳಗೆ ಅದೇ ರೀತಿ ಮಾಡಿ. ನೀವು ಕಣಿವೆಯಿಂದ ದಿಬ್ಬಕ್ಕೆ ನೋಡುತ್ತಿದ್ದೀರಿ, ಓರೆ ಗಮನಿಸದೇ ಬಿಟ್ಟಿರುವ ಸಾಧ್ಯತೆ ಹೆಚ್ಚು. ಲಿಂಕ್ ಈಗಾಗಲೇ ಕೂಡಿರುವುದರಿಂದ ಎದುರಿನ ರೇಡಿಯೊದ ಅಂಕಿಯೂ ಇಲ್ಲೇ ಕಾಣುತ್ತದೆ. ಅಷ್ಟೇ ಅಲ್ಲ, ದೊಡ್ಡಪ್ಪನವರ ಜೊತೆ ಅದೇ ಲಿಂಕ್ ಮೂಲಕ ವಾಟ್ಸಾಪ್ ಕರೆ ಮಾಡಿ ಮಾತಾಡಿಕೊಂಡೇ ಇನ್ನೊಂದು ತುದಿಯನ್ನೂ ಸರಿಮಾಡಬಹುದು. ನಟ್ಟು ಬಿಗಿಯುವಾಗ ಅಂಕಿ ನೋಡುತ್ತಲೇ ಇರಿ, ಬಿಗಿಯುವಾಗಲೇ ಡಿಶ್ ಸರಿಯುತ್ತದೆ.

ಕೊಪ್ಪದ ಬೆಳೆಗಾರ:

ಅಕ್ಕ, ನೀವು ಹೇಳಿದ್ದು ಅಕ್ಷರಶಃ ನಿಜ. ದೊಡ್ಡಪ್ಪನ ಕಡೆಯ ಡಿಶ್ ಕೆಳಕ್ಕೆ ಬಾಗಬೇಕಿತ್ತು, ನೇರ ನಿಂತಿತ್ತು. ತಿರುಗಿಸುತ್ತ ಬಂದಾಗ 72 ಇದ್ದದ್ದು 80ಕ್ಕೆ ಇಳಿದು, ಮತ್ತೆ ಏರತೊಡಗಿ 60 ದಾಟಿತು. ಈಗ ಮೈನಸ್ 57, ಎರಡೂ ಕಡೆ. ನಿನ್ನೆ ಸಂಜೆ ಜೋರು ಮಳೆ ಬಂದಾಗ 58 ಆಯಿತು, ಅಷ್ಟೇ.

ವೇಗ ಮಾತ್ರ ಎಷ್ಟು ಬಾರಿ ಪರೀಕ್ಷಿಸಿದರೂ 94 ಎಂಬಿಪಿಎಸ್‌ನಲ್ಲೇ ನಿಲ್ಲುತ್ತದೆ. ದೊಡ್ಡಪ್ಪನ ಮನೆಯಲ್ಲಿ ಇನ್ನೂರು ಪೂರ್ತಿ ಬರುತ್ತದೆ. ರೇಡಿಯೊಗಳು ತಮ್ಮ ನಡುವೆ ಪರೀಕ್ಷೆ ಮಾಡಿದರೆ ಇನ್ನೂರಕ್ಕಿಂತ ಹೆಚ್ಚೇ ತೋರಿಸುತ್ತವೆ. ಮೀಡಿಯಾ ಕನ್ವರ್ಟರ್‌ಗಳ ಮೇಲೆ ಗಿಗಾಬಿಟ್ ಎಂದು ಬರೆದಿದೆ.

ಕೇಬಲ್ ಕೆಲಸಗಾರ, ತೀರ್ಥಹಳ್ಳಿ:

94 ಎಂದರೆ ಎಲ್ಲೋ ಒಂದು ಕಡೆ ಎತರ್ನೆಟ್ 100ಕ್ಕೆ ಇಳಿದಿದೆ. ಇದು ಗಾಳಿಯ ದೋಷವಲ್ಲ, ತಂತಿಯದು. ಕಂಬದ ಬುಡದ ಪೆಟ್ಟಿಗೆಯಲ್ಲಿ 24 ವೋಲ್ಟನ್ನು ರೇಡಿಯೊ ಕೇಬಲ್‌ಗೆ ಸೇರಿಸಲು ಏನು ಬಳಸಿದ್ದೀರಿ? ಎರಡು ಬಾಲವಿರುವ ಸಣ್ಣ ಪ್ಯಾಸಿವ್ ಪಿಒಇ (ಎತರ್ನೆಟ್ ಕೇಬಲ್‌ನಲ್ಲೇ ಕರೆಂಟು ಕಳುಹಿಸುವ) ತುಂಡು ಆಗಿದ್ದರೆ ಕಾರಣ ಅದೇ. ಅದು 4, 5, 7, 8ನೇ ಎಳೆಗಳನ್ನು ಕರೆಂಟಿಗೆ ಕೊಟ್ಟು ಡೇಟಾಗೆ ಎರಡೇ ಜೋಡಿ ಬಿಡುತ್ತದೆ. ಗಿಗಾಬಿಟ್‌ಗೆ ನಾಲ್ಕು ಜೋಡಿಯೂ ಬೇಕು.

ಕೊಪ್ಪದ ಬೆಳೆಗಾರ:

ಹೌದು, ಅದೇ ತುಂಡು. ಹಾಗಾದರೆ ಮನೆಯಲ್ಲಿರುವ 48 ವೋಲ್ಟ್ ಪಿಒಇ ಸ್ವಿಚ್ ಅಲ್ಲಿ ಇಡಲೇ?

ಕೇಬಲ್ ಕೆಲಸಗಾರ, ತೀರ್ಥಹಳ್ಳಿ:

ಬೇಡ. ನಿಮ್ಮ ರೇಡಿಯೊ 24 ವೋಲ್ಟ್ ಪ್ಯಾಸಿವ್. 802.3ಎಎಫ್ ಎಂಬ ಪಿಒಇ ಗುಣಮಟ್ಟದ ಸ್ವಿಚ್ ಆಗಿದ್ದರೆ ಅದು ರೇಡಿಯೊವನ್ನು ಗುರುತಿಸದೆ ಕರೆಂಟೇ ಕೊಡುವುದಿಲ್ಲ. ಅಗ್ಗದ ಪ್ಯಾಸಿವ್ 48 ವೋಲ್ಟ್ ಸ್ವಿಚ್ ಆಗಿದ್ದರೆ ರೇಡಿಯೊ ಸುಟ್ಟೇ ಹೋಗುತ್ತದೆ. ಡಿಸಿ ಒಳಬರುವ ಗಿಗಾಬಿಟ್ ಪ್ಯಾಸಿವ್ ಇಂಜೆಕ್ಟರ್ ಎಂದೇ ಕೇಳಿ ತನ್ನಿ, 24 ವೋಲ್ಟ್‌ನದ್ದು. ಅದರೊಳಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಒಂದೇ ಜೋಡಿಯಲ್ಲಿ ಕರೆಂಟೂ ಡೇಟಾವೂ ಒಟ್ಟಿಗೆ ಹೋಗುತ್ತವೆ. ಬದಲಿಸಿದ ಮೇಲೆ ರೇಡಿಯೊದ ಮುಖಪುಟದಲ್ಲಿ ಲ್ಯಾನ್ ವೇಗ 1000 ಎಂದು ಬಂದಿದೆಯೇ ನೋಡಿ. ಆಗಲೂ 100 ಎಂದಿದ್ದರೆ ಕನೆಕ್ಟರ್ ಬಿಚ್ಚಿ ನೀಲಿ, ಕಂದು ಜೋಡಿಗಳನ್ನು ಪರೀಕ್ಷಿಸಿ. ಒಂದು ಎಳೆ ಪೂರ್ತಿ ಒಳಗೆ ಹೋಗಿರುವುದಿಲ್ಲ.

ಕೊಪ್ಪದ ಬೆಳೆಗಾರ:

ಇಂಜೆಕ್ಟರ್ ಬಂತು, ಹಾಕಿದೆ. ಲ್ಯಾನ್ 1000, ವೇಗ 190ರ ಮೇಲೆ. ಮೈನಸ್ 57 ಅಂಕಿಯನ್ನು ಪೆಟ್ಟಿಗೆಯ ಬಾಗಿಲ ಒಳಗೆ ಬರೆದಿಟ್ಟಿದ್ದೇನೆ, ಮುಂದೆ ಮರ ಬೆಳೆದರೆ ಗೊತ್ತಾಗಲಿ ಎಂದು. ಸೆಟ್ಟಿಂಗ್‌ಗಳ ಬ್ಯಾಕಪ್ ಫೈಲ್ ತೆಗೆದಿಟ್ಟಿದ್ದೇನೆ. ಕಂಬದ ಅರ್ತ್ ಗುಂಡಿಯ ಕೆಲಸ ಈ ಭಾನುವಾರ ಮುಗಿಯುತ್ತದೆ, ಅಲ್ಲಿಯವರೆಗೆ ಗುಡುಗಿನ ಸೂಚನೆ ಕಂಡ ಕೂಡಲೇ ಎರಡೂ ಕೇಬಲ್ ಕೀಳುತ್ತೇವೆ.

ಮೂಡಿಗೆರೆ ಕಾಫಿ:

ಬಿಗಿತಂತಿಗಳಿಗೆ ಕೆಳಗಿನ ಒಂದಾಳೆತ್ತರ ಹಳದಿ ಪೈಪ್ ತೊಡಿಸಿ. ಕಾಫಿ ಕೊಯ್ಯುವ ಹೆಣ್ಣಾಳುಗಳು ತಲೆ ಮೇಲೆ ಚೀಲ ಹೊತ್ತು ಬರುವಾಗ ತಂತಿ ಕಾಣುವುದಿಲ್ಲ.